ತಿಥಿಗೆ ಆಗದ್ದು

ಇಪ್ಪತ್ತಾರು ವರ್ಷದಿಂದ ಕೂಡಲಿಯಲ್ಲಿ
ತಿಥಿ ಅಡುಗೆ ನನ್ನದು.
ಮಂತ್ರ ಬಾರದಿದ್ದರೂ ಪಟ್ಟಿ ಬಾಯಿಗೆ ಬರುತ್ತದೆ:
ಬಾಳೆಕಾಯಿ, ಹಾಗಲ, ಸುವರ್ಣಗಡ್ಡೆ,
ಉದ್ದಿನ ವಡೆ, ಎಳ್ಳುಂಡೆ. ಖಾರಕ್ಕೆ ಒಳ್ಳೆಮೆಣಸು.
ಆಗದ್ದು: ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಹುರುಳಿಕಾಯಿ.

ಯಾಕೆ ಆಗದು ಎಂದು ಮೊದಲು ಕೇಳಿದವಳು
ಹೊಳೆಹೊನ್ನೂರಿನ ಹೈಸ್ಕೂಲು ಹುಡುಗಿ,
ಅಜ್ಜನ ತಿಥಿಗೆ ಬಂದವಳು; ಮಾರನೆಯ ದಿನ ಸಮಾಜ ಪರೀಕ್ಷೆ.
ಶಾಸ್ತ್ರ, ಎಂದೆ.
ಪುಸ್ತಕದಿಂದ ತಲೆಯೆತ್ತದೆ ಅಂದಳು:
"ಅಲ್ಲ. ಅವೆಲ್ಲ ಹಡಗಲ್ಲಿ ಬಂದವು.
ನಿಮ್ಮ ಪಟ್ಟಿ ಹಡಗಿಗಿಂತ ಹಳೇದು."

ಅಂದಿನಿಂದ ಒಗ್ಗರಣೆ ಸುಮ್ಮನೆ ಸಿಡಿಯುವುದಿಲ್ಲ.

ಮೆಣಸಿನ ಘಮ ಹಿಡಿದು ಹೊರಟ ಯಾರೋ
ತಪ್ಪಿ ಬೇರೆ ದಡ ಮುಟ್ಟಿದರಂತೆ,
ಅಲ್ಲಿ ಕಚ್ಚಿದ ಕೆಂಪು ಕಾಯಿಗೂ
ಮೆಣಸೆಂದೇ ಹೆಸರಿಟ್ಟರಂತೆ.
ಯಾರೂ ತಿದ್ದಲಿಲ್ಲ. ತಪ್ಪು ರುಚಿಯಾಗಿತ್ತು.
ಅದೇ ತಪ್ಪು ಘಟ್ಟ ಹತ್ತಿ ಇಲ್ಲಿಗೂ ಬಂದಾಗ
ನಮ್ಮ ಬಳ್ಳಿಯ ಮೆಣಸು
ತನ್ನ ಮನೆಯಲ್ಲೇ ಬಾಡಿಗೆಗಿದ್ದವನಂತೆ
ಹೆಸರಿಗೊಂದು ಗುರುತು ಕಟ್ಟಿಕೊಂಡಿತು:
ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು.
ಒಳ್ಳೆಯದು ಅಂತ ಬೇರೆ ಹೇಳಿಕೊಳ್ಳಬೇಕಾಯಿತಲ್ಲ!

ಪಡುವಣ ಕಡಲು ಅಷ್ಟು ಹತ್ತಿರವಿದ್ದೂ
ತುಂಗೆ ಭದ್ರೆ ಇಬ್ಬರೂ ಅದಕ್ಕೆ ಬೆನ್ನು ಹಾಕಿ
ಮೂಡಣಕ್ಕೆ ಹೊರಟವರು.
ಕಡಲು ಬಿಡಲಿಲ್ಲ. ಎತ್ತಿನ ಬೆನ್ನೇರಿ,
ಉಪ್ಪಿನ ಹೇರಿನ ಸಂದಿಯಲ್ಲಿ ಬೀಜವಾಗಿ, ಮಾತಾಗಿ ಬಂತು.
ಮಡಿಯುಟ್ಟು ನೀರಿಗೆ ಹೋಗುವಾಗ
ಬಾಲ್ದಿ ಎಲ್ಲಿ ಅನ್ನುತ್ತೇನೆ, ಉಗ್ರಾಣದ ಚಾವಿ ಎಲ್ಲಿ ಅನ್ನುತ್ತೇನೆ;
ಎರಡೂ ಆ ಹಡಗಿನ ಮಾತಂತೆ.
ನಾಲಿಗೆಗೆ ಯಾವ ಸ್ನಾನ ಮಾಡಿಸಲಿ?

ಪಿಂಡ ಮೂರು. ಅಪ್ಪ, ಅಜ್ಜ, ಮುತ್ತಜ್ಜ.
ಲೆಕ್ಕ ಹಾಕಿದೆ: ಮೂವರೂ ಮೆಣಸಿನಕಾಯಿ ತಿಂದವರೇ.
ನನ್ನಪ್ಪನಂತೂ ಹಸಿಮೆಣಸಿನ ಚಟ್ನಿಯಿಲ್ಲದೆ
ಗಂಜಿ ಮುಟ್ಟಿದವನಲ್ಲ.
ಅವನಿಗೆ ವರ್ಷಾ ವರ್ಷಾ ಬಡಿಸುತ್ತೇನೆ
ಅವನು ಮೂಗು ಮುರಿಯುತ್ತಿದ್ದ ಹಾಗಲ.
ಹಾಗಾದರೆ ಈ ಎಲೆ ಯಾರದ್ದು?
ಮೂರರಾಚೆ, ಹದಿನೈದೋ ಹದಿನೆಂಟೋ ತಲೆ ಹಿಂದೆ,
ಹಡಗಿನ ಸುದ್ದಿ ಕಿವಿಗೆ ಬೀಳುವ ಮುಂಚೆ
ಕಣ್ಣು ಮುಚ್ಚಿದ, ಹೆಸರು ಹೋದ ಯಾರದ್ದೋ.
ಅವರಿಗೆ ಪಿಂಡವಿಲ್ಲ. ಅಡುಗೆ ಮಾತ್ರ ಅವರದು.

ಸೌದೆ, ಬಾಳೆಲೆ ತರುವ ಟೆಂಪೋ ಇನಾಸನದು.
ಯಲ್ಲಾಪುರದ ಕಡೆಯ ಸಿದ್ದಿ,
ಮದುವೆಯಾಗಿ ಶಿವಮೊಗ್ಗ ಸೇರಿದವನು.
ಹುಡುಗಿಯ ಮಾತನ್ನು ಅವನಿಗೂ ಹೇಳಿದ್ದೆ, ದೊಡ್ಡ ಪಂಡಿತನ ಹಾಗೆ.
ಎಲೆಯ ಕಟ್ಟು ಬಿಚ್ಚುತ್ತ ಒಂದು ದಿನ ಅಂದ:

"ಭಟ್ರೇ, ನಮ್ಮವರೂ ಹಡಗಲ್ಲೇ.
ಬಂದದ್ದಲ್ಲ, ತಂದದ್ದು.
ಅದಕ್ಕೆ ಮೊದಲು ಏನು ಉಣ್ತಿದ್ರು?
ಯಾವ ಸೊಪ್ಪು, ಯಾವ ಗಡ್ಡೆ, ಖಾರಕ್ಕೆ ಏನು?
ಅಜ್ಜಿಗೂ ಗೊತ್ತಿರಲಿಲ್ಲ, ಅಜ್ಜಿಯ ಅಜ್ಜಿಗೂ ಇರಲಿಲ್ಲ.
ನಿಮಗಾದ್ರೆ ಪಟ್ಟಿ ಇದೆ."

ಕೈಯಲ್ಲಿ ಒರಳುಗುಂಡಿತ್ತು. ತಿರುಗಲಿಲ್ಲ.

ಮತ್ತೆ ಹಿರಿಯರಿಗೆ ಏನಿಡ್ತೀರಿ, ಕೇಳಿದೆ.
"ತೆಂಗಿನಕಾಯಿ," ಎಂದ.
"ಎಲ್ಲಿ ಎಸೆದರೂ ತೇಲಿ ದಡ ಸೇರುವ ಜಾತಿ."
ನಕ್ಕ. ನನಗೆ ನಗಬಹುದೋ ಬಾರದೋ ತಿಳಿಯಲಿಲ್ಲ.

ಬ್ರಾಹ್ಮಣರ ಕೈ ತೊಳೆದಾಗ ಮೂರು ಗಂಟೆ.
ಕಟ್ಟೆಯ ಮೇಲೆ ಅವನ ಬುತ್ತಿ ಬಿಚ್ಚಿತ್ತು:
ಅನ್ನ, ಕೆಂಪಗೆ ಹುರಿದ ಬಟಾಟೆ.
ನನ್ನ ಮೆಣಸಿನ ಸಾರು ಅದರ ಮೇಲೆ ಸುರಿದು
ಒಂದೇ ಡಬ್ಬಿಗೆ ಇಬ್ಬರೂ ಕೈ ಹಾಕಿದೆವು.
ನೆತ್ತಿಗೆ ಹತ್ತಿತು.
ಯಾವ ಮೆಣಸಿನ ಖಾರವೋ, ಬೇರೆ ಮಾಡಲಾಗಲಿಲ್ಲ.

ಟೆಂಪೋ ಹೊರಟಾಗ ಕೂಗಿ ಹೇಳಿದೆ:
ನಾಳೆ ಎಲೆ ಒಂದು ಹೆಚ್ಚಿಗಿರಲಿ.
ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.